ಮಕ್ಕಳ ಹೃದಯದ ತೂತು ಮತ್ತು ಎಕೋ: ಪದೇ ಪದೇ ಕೇಳುವ ಪ್ರಶ್ನೆಗಳು

ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯ ವರದಿ ಕೈಗೆ ಬಂದ ತಕ್ಷಣ ತಂದೆ ತಾಯಿ ಹುಡುಕುವುದು ಒಂದೇ ಅಂಕಿ: ತೂತು ಎಷ್ಟು ಮಿಲಿಮೀಟರ್? ಎಕೋ ಮಾಡುವವರ ಕಣ್ಣು ಬೇರೆ ಕಡೆ ಇರುತ್ತದೆ. ಆ ತೂತಿನಿಂದ ಎಷ್ಟು ರಕ್ತ ಹಾಯುತ್ತಿದೆ, ಅದರಿಂದ ಹೃದಯಕ್ಕೂ ಶ್ವಾಸಕೋಶಕ್ಕೂ ಏನಾಗಿದೆ? ಕೆಳಗಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ಇವೆ. ಮೊದಲ ಭಾಗಗಳು ಮನೆಯವರಿಗೆ, ಕೊನೆಯದು ಎಕೋ ಕಲಿಯುತ್ತಿರುವವರಿಗೆ. ನಿಮ್ಮ ಮಗುವಿನ ಬಗ್ಗೆ ಕೊನೆಯ ಮಾತು ಮಗುವನ್ನು ನೋಡಿದ ಡಾಕ್ಟರದ್ದೇ.

## ಮೊದಲಿನ ಪ್ರಶ್ನೆಗಳು

ಮಗುವಿನ ಹೃದಯದಲ್ಲಿ ತೂತಿದೆ ಅಂದ್ರು. ರಕ್ತ ಹೊರಗೆ ಸೋರುತ್ತಾ?

ಇಲ್ಲ, ಹೊರಗೆ ಸೋರುವುದಿಲ್ಲ. ಹೃದಯದಲ್ಲಿ ನಾಲ್ಕು ಕೋಣೆಗಳಿವೆ, ಮೇಲೆ ಎರಡು, ಕೆಳಗೆ ಎರಡು. ಬಲಗಡೆಯವು ಮೈಯಿಂದ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತವೆ. ಎಡಗಡೆಯವು ಶ್ವಾಸಕೋಶದಿಂದ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಇಡೀ ಮೈಗೆ ಕಳಿಸುತ್ತವೆ. ಎಡಕ್ಕೂ ಬಲಕ್ಕೂ ನಡುವೆ ಗೋಡೆ ಇದೆ. ತೂತು ಇರುವುದು ಆ ಒಳಗೋಡೆಯಲ್ಲಿ.

ಮೇಲಿನ ಕೋಣೆಗಳ ನಡುವೆ ಇದ್ದರೆ ಎಎಸ್‌ಡಿ. ಕೆಳಗಿನ ಕೋಣೆಗಳ ನಡುವೆ ಇದ್ದರೆ ವಿಎಸ್‌ಡಿ. ನಟ್ಟನಡುವೆ, ಎರಡೂ ಗೋಡೆಗಳು ಕೂಡುವ ಜಾಗದಲ್ಲಿ, ಕವಾಟಗಳೂ ಸರಿಯಾಗಿ ಬೆಳೆಯದಿದ್ದರೆ ಎವಿಎಸ್‌ಡಿ. ಸಾಮಾನ್ಯವಾಗಿ ರಕ್ತ ಎಡದಿಂದ ಬಲಕ್ಕೆ ನುಗ್ಗುತ್ತದೆ. ಆಗಲೇ ಶ್ವಾಸಕೋಶಕ್ಕೆ ಹೋಗಿ ಬಂದ ರಕ್ತ ಸುಮ್ನೆ ಇನ್ನೊಂದು ಸುತ್ತು ಹಾಕುತ್ತದೆ. ಈ ದಂಡದ ಸುತ್ತು ಚಿಕ್ಕದಾಗಿದ್ದರೆ ಮಗುವಿಗೆ ಏನೂ ಗೊತ್ತಾಗುವುದಿಲ್ಲ. ದೊಡ್ಡದಾಗಿದ್ದರೆ ಶ್ವಾಸಕೋಶಕ್ಕೆ ರಕ್ತ ಜಾಸ್ತಿಯಾಗಿ ಮಗು ಏದುಸಿರು ಬಿಡುತ್ತದೆ, ಹಾಲು ಕುಡಿಯುವಾಗ ಬೆವರುತ್ತದೆ, ತೂಕ ಏರುವುದಿಲ್ಲ.

ಇದು ಅಪರೂಪನಾ? ನಮ್ಮಿಂದ ಏನಾದ್ರೂ ತಪ್ಪಾಯ್ತಾ?

ಅಪರೂಪವಲ್ಲ. ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳಿಗೆ ಹೃದಯದಲ್ಲಿ ಒಂದಲ್ಲ ಒಂದು ಹುಟ್ಟುದೋಷ ಇರುತ್ತದೆ. ಅದರಲ್ಲಿ ವಿಎಸ್‌ಡಿಯ ಪಾಲೇ ದೊಡ್ಡದು.

ಹೃದಯದ ಗೋಡೆಗಳು ಗರ್ಭದ ಮೊದಲ ಎರಡು ತಿಂಗಳಲ್ಲಿ ಬಹುಪಾಲು ಕಟ್ಟಿ ಮುಗಿಯುತ್ತವೆ. ತಾಯಿಯ ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಆ ಹೊತ್ತಿನಲ್ಲಿ ಬಂದ ರುಬೆಲ್ಲಾ, ಕೆಲವು ಔಷಧಿಗಳು, ವರ್ಣತಂತುಗಳ ವ್ಯತ್ಯಾಸ ಇವೆಲ್ಲ ಕಾರಣವಾಗಬಹುದು. ಆದರೆ ಹೆಚ್ಚಿನ ಮಕ್ಕಳಲ್ಲಿ ಬೊಟ್ಟು ಮಾಡಿ ತೋರಿಸುವಂಥ ಒಂದು ಕಾರಣ ಸಿಗುವುದಿಲ್ಲ. ಬಸುರಿಯಾಗಿದ್ದಾಗ ಭಾರ ಎತ್ತಿದ್ದಕ್ಕೆ, ಗ್ರಹಣ ನೋಡಿದ್ದಕ್ಕೆ ತೂತು ಬರುವುದಿಲ್ಲ. ಮನೆಯಲ್ಲಿ ಯಾರಾದರೂ ತಾಯಿಯ ಮೇಲೆ ಗೂಬೆ ಕೂರಿಸುತ್ತಿದ್ದರೆ ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ಹುಟ್ಟಿದಾಗ ಏನೂ ಇಲ್ಲ ಅಂದಿದ್ದರು. ಒಂದೂವರೆ ತಿಂಗಳಿಗೆ ತೂತು ಎಲ್ಲಿಂದ ಬಂತು?

ತೂತು ಮೊದಲಿಂದಲೂ ಇತ್ತು, ಸದ್ದು ಇರಲಿಲ್ಲ. ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿರುತ್ತವೆ. ಹಾಗಾಗಿ ಬಲಗಡೆಯ ಒತ್ತಡವೂ ಎಡಗಡೆಗೆ ಹತ್ತಿರದಲ್ಲೇ ಇರುತ್ತದೆ. ಎರಡೂ ಕಡೆ ಒತ್ತಡ ಸಮ ಇದ್ದರೆ ರಕ್ತ ಹಾಯುವುದು ಕಡಿಮೆ, ಸ್ಟೆತಾಸ್ಕೋಪಿಗೆ ಕೇಳುವುದೂ ಕಡಿಮೆ. ವಾರಗಳು ಕಳೆದಂತೆ ಆ ನಾಳಗಳು ಸಡಿಲವಾಗುತ್ತವೆ, ಬಲಗಡೆಯ ಒತ್ತಡ ಇಳಿಯುತ್ತದೆ, ರಕ್ತ ನುಗ್ಗಲು ಶುರುವಾಗುತ್ತದೆ. ದೊಡ್ಡ ವಿಎಸ್‌ಡಿ ಇರುವ ಮಗು 4ರಿಂದ 8 ವಾರಗಳ ಹೊತ್ತಿಗೆ ಏದುಸಿರು ಬಿಡಲು ಶುರು ಮಾಡುವುದು ಇದೇ ಕಾರಣಕ್ಕೆ. ಮೊದಲು ನೋಡಿದ ಡಾಕ್ಟರ್ ತಪ್ಪು ಮಾಡಿದರು ಅಂತ ಆಗಬೇಕಿಲ್ಲ.

ಬಸುರಿಯಾಗಿದ್ದಾಗ ಸ್ಕ್ಯಾನ್ ಮಾಡಿಸಿದ್ವಲ್ಲ, ಆಗ ಯಾಕೆ ಕಾಣಲಿಲ್ಲ?

ಎಎಸ್‌ಡಿ ಮಟ್ಟಿಗೆ ಉತ್ತರ ಸುಲಭ. ಹೊಟ್ಟೆಯಲ್ಲಿರುವ ಪ್ರತಿ ಮಗುವಿಗೂ ಮೇಲಿನ ಗೋಡೆಯಲ್ಲಿ ಒಂದು ದಾರಿ ತೆರೆದೇ ಇರುತ್ತದೆ, ಇರಲೇಬೇಕು. ಆ ದಾರಿ ಇರುವ ಜಾಗದಲ್ಲೇ ಬರುವ ಎಎಸ್‌ಡಿಯನ್ನು ಗರ್ಭದಲ್ಲಿ ಖಚಿತವಾಗಿ ಹೇಳಲಾಗುವುದಿಲ್ಲ. ಚಿಕ್ಕ ವಿಎಸ್‌ಡಿಯ ಕಥೆಯೂ ಅಷ್ಟೇ: ಎರಡೂ ಕಡೆ ಒತ್ತಡ ಸಮ ಇರುವುದರಿಂದ ರಕ್ತದ ಹರಿವು ನೋಡುವ ಡಾಪ್ಲರ್‌ನಲ್ಲಿ ರಕ್ತದ ಧಾರೆ ಎದ್ದು ಕಾಣುವುದಿಲ್ಲ. ದೊಡ್ಡ ವಿಎಸ್‌ಡಿ ಮತ್ತು ಎವಿಎಸ್‌ಡಿಯನ್ನು 18ರಿಂದ 22 ವಾರಗಳ ನಡುವೆ ಮಾಡುವ ಒಳ್ಳೆಯ ಸ್ಕ್ಯಾನ್ ಹಿಡಿಯಬಲ್ಲದು.

ಎಕೋ ಅಂದ್ರೆ ಎಕ್ಸ್‌ರೇ ತರಹನಾ? ಮತ್ತೆ ಮತ್ತೆ ಮಾಡಿಸಿದರೆ ತೊಂದರೆ ಇಲ್ವಾ?

ಎಕೋದಲ್ಲಿ ವಿಕಿರಣ ಇಲ್ಲ. ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಸದ್ದನ್ನು ಮೈಮೇಲೆ ಇಡುವ ಪ್ರೋಬ್ ಎಂಬ ಉಪಕರಣ ಕಳಿಸುತ್ತದೆ. ಹೃದಯದ ಗೋಡೆಗೆ, ಕವಾಟಕ್ಕೆ ತಾಗಿ ಮರಳಿ ಬರುವ ಸದ್ದಿನಿಂದ ಯಂತ್ರ ಚಿತ್ರ ಕಟ್ಟುತ್ತದೆ. ಎಷ್ಟು ಸಲ ಬೇಕೋ ಅಷ್ಟು ಸಲ ಮಾಡಿಸಬಹುದು.

ಇದರ ಹಿನ್ನೆಲೆ ಸ್ವಾರಸ್ಯವಾಗಿದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ಡಾಕ್ಟರ್ ಮತ್ತು ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿ ಲೋಹದೊಳಗಿನ ಬಿರುಕು ಹುಡುಕುವ ಯಂತ್ರವನ್ನು ಹೃದಯದ ಕಡೆ ತಿರುಗಿಸಿ ನೋಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಜಾನ್ ಗಿಬ್ಬನ್ ಎಂಬ ಸರ್ಜನ್, ಆಪರೇಷನ್ ಹೊತ್ತಿನಲ್ಲಿ ಹೃದಯ ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರದ ನೆರವಿನಿಂದ 18 ವರ್ಷದ ಯುವತಿಯ ಎಎಸ್‌ಡಿ ಮುಚ್ಚಿದರು. ತೂತನ್ನು ನೋಡುವ ದಾರಿ, ಈ ಯಂತ್ರದ ನೆರವಿನಿಂದ ಮುಚ್ಚುವ ದಾರಿ ಎರಡೂ ಒಂದೇ ವರ್ಷ ತೆರೆದವು. ಒಂದಕ್ಕೊಂದು ಸಂಬಂಧವೇ ಇರಲಿಲ್ಲ!

## ಪರೀಕ್ಷೆಯ ಹೊತ್ತಿಗೆ

ನಮ್ಮ ಮಗು ಒಂದು ಕ್ಷಣ ಸುಮ್ಮನಿರಲ್ಲ. ನಿದ್ದೆ ಔಷಧಿ ಕೊಡಲೇಬೇಕಾ?

ಕೊಡಲೇಬೇಕು ಅಂತೇನಿಲ್ಲ. ಎಳೆ ಮಗುವಾದರೆ ಹಾಲು ಕುಡಿಸಿ, ಬೆಚ್ಚಗೆ ಹೊದಿಸಿ, ತಾಯಿಯ ಮಡಿಲಲ್ಲೇ ಮಲಗಿಸಿ ಎಕೋ ಮಾಡಬಹುದು. ಮೂರು ವರ್ಷ ದಾಟಿದ ಎಷ್ಟೋ ಮಕ್ಕಳು ಮೊಬೈಲಿನಲ್ಲಿ ಕಾರ್ಟೂನ್ ಹಾಕಿಕೊಟ್ಟರೆ ಸಹಕರಿಸುತ್ತಾರೆ. ಕಷ್ಟ ಇರುವುದು ನಡುವಿನವರದ್ದು. ಸುಮಾರು ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಪ್ರೋಬ್ ಕಂಡರೇ ಆಗುವುದಿಲ್ಲ. ಅವರಿಗೆ ಬಾಯಿಗೆ ಸಿರಪ್ ಅಥವಾ ಮೂಗಿಗೆ ಔಷಧಿ ಕೊಟ್ಟು ಮಲಗಿಸಬೇಕಾಗಬಹುದು.

ಒಂದು ಎಚ್ಚರಿಕೆ. ಔಷಧಿ ಕೊಟ್ಟು ಮಲಗಿಸುವುದಾದರೆ ಹೊಟ್ಟೆ ಖಾಲಿ ಇರಬೇಕು, ಎಷ್ಟು ಗಂಟೆ ಎಂದು ಮೊದಲೇ ಕೇಳಿಕೊಳ್ಳಿ. ಔಷಧಿ ಇಲ್ಲದೆ ಮಾಡುವುದಾದರೆ ಮಗುವನ್ನು ಹಸಿವಿನಲ್ಲಿ ಕರೆತರಬೇಡಿ. ಜನ ಇದನ್ನು ತಿರುಗಾಮುರುಗಾ ಮಾಡಿಕೊಂಡು ಬರುವುದೇ ಜಾಸ್ತಿ. ಅಳುವ ಮಗುವಿನಲ್ಲಿ ಚಿತ್ರ ಕೆಡುವುದಷ್ಟೇ ಅಲ್ಲ, ಒತ್ತಡದ ಲೆಕ್ಕವೂ ಏರುಪೇರಾಗುತ್ತದೆ.

ಹೃದಯ ಎದೆಯಲ್ಲಿ ಇರೋದು. ಹೊಟ್ಟೆ ಮೇಲೆ, ಕುತ್ತಿಗೆ ಹತ್ತಿರ ಯಾಕೆ ಪ್ರೋಬ್ ಇಡ್ತಾರೆ?

ಸದ್ದಿನ ಅಲೆ ಮೂಳೆಯನ್ನೂ ಗಾಳಿಯನ್ನೂ ದಾಟಿ ಹೋಗಲಾರದು. ಎದೆಗೂಡಿನಲ್ಲಿ ಪಕ್ಕೆಲುಬೂ ಇದೆ, ಗಾಳಿ ತುಂಬಿದ ಶ್ವಾಸಕೋಶವೂ ಇದೆ. ಹಾಗಾಗಿ ಸಂದು ಹುಡುಕಿಕೊಂಡು ನೋಡಬೇಕು. ಪಕ್ಕೆಲುಬಿನ ನಡುವೆ, ಎದೆಯ ಎಡತುದಿಯಲ್ಲಿ, ಎದೆಮೂಳೆಯ ಕೆಳಗೆ ಹೊಟ್ಟೆಯ ಮೇಲಿಂದ, ಕುತ್ತಿಗೆಯ ಕೆಳಗಿನ ತಗ್ಗಿನಿಂದ. ಮಕ್ಕಳಲ್ಲಿ ಹೊಟ್ಟೆಯ ಮೇಲಿನ ನೋಟ ಬಹಳ ಸೊಗಸಾಗಿ ಸಿಗುತ್ತದೆ, ಎಎಸ್‌ಡಿ ನೋಡಲು ಅದೇ ಒಳ್ಳೆಯ ಜಾಗ. ಪೂರ್ತಿ ಪರೀಕ್ಷೆಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯಬಹುದು. ಹೊತ್ತು ಹಿಡಿಯಿತು ಎಂದರೆ ಏನೋ ಕೆಟ್ಟದ್ದು ಕಂಡಿದೆ ಅಂತ ಅರ್ಥವಲ್ಲ.

ಪರದೆ ಮೇಲೆ ಕೆಂಪು, ನೀಲಿ ಕಾಣುತ್ತೆ. ನೀಲಿ ಅಂದ್ರೆ ಕೆಟ್ಟ ರಕ್ತನಾ?

ಅಲ್ಲ. ಪ್ರೋಬ್ ಕಡೆಗೆ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವ ರಕ್ತಕ್ಕೆ ನೀಲಿ. ಅದು ದಿಕ್ಕಿನ ಗುರುತು, ಅಷ್ಟೇ. ಆಮ್ಲಜನಕಕ್ಕೂ ಅದಕ್ಕೂ ಸಂಬಂಧ ಇಲ್ಲ. ರಕ್ತ ಜೋರಾಗಿ, ಸುಳಿಸುಳಿಯಾಗಿ ಹರಿದಾಗ ಬಣ್ಣಗಳು ಕಲಸಿಹೋಗಿ ಹಳದಿ ಹಸಿರಿನ ಚುಕ್ಕೆಗಳು ಕಾಣುತ್ತವೆ. ಚಿಕ್ಕ ವಿಎಸ್‌ಡಿಯನ್ನು ಮೊದಲು ತೋರಿಸಿಕೊಡುವುದು ಹೆಚ್ಚಾಗಿ ಈ ಬಣ್ಣದ ಕಲಬೆರಕೆಯೇ.

ದೊಡ್ಡವರಿಗೆ ಎಕೋ ಮಾಡುವ ಕಡೆ ಮಾಡಿಸಿದರೆ ಸಾಲದಾ?

ಮೊದಲ ಸಲಕ್ಕಾದರೂ ಮಕ್ಕಳ ಹೃದಯ ನೋಡಿ ಪಳಗಿದವರ ಕೈಯಲ್ಲೇ ಮಾಡಿಸುವುದು ಒಳ್ಳೆಯದು. ಪ್ರೋಬ್ ಬೇರೆ: ದೊಡ್ಡವರಿಗೆ 2ರಿಂದ 4 ಮೆಗಾಹರ್ಟ್ಸ್ ಸಾಕು, ಎಳೆ ಕೂಸಿಗೆ 8ರಿಂದ 12 ಮೆಗಾಹರ್ಟ್ಸ್ ಬೇಕು, ಆಗಲೇ ಸಣ್ಣ ವಿವರ ಕಾಣುವುದು. ನೋಡುವ ಕ್ರಮವೂ ಬೇರೆ. ದೊಡ್ಡವರಲ್ಲಿ ಹೃದಯ ಸರಿಯಾಗಿ ಕಟ್ಟಿದೆ ಎಂದುಕೊಂಡೇ ಶುರು ಮಾಡುತ್ತಾರೆ. ಮಗುವಿನಲ್ಲಿ ಏನನ್ನೂ ಹಾಗೆ ಒಪ್ಪಿಕೊಳ್ಳುವಂತಿಲ್ಲ. ಯಾವ ಸಿರೆ ಎಲ್ಲಿಗೆ ಸೇರಿದೆ, ಯಾವ ಕೋಣೆಯಿಂದ ಯಾವ ಧಮನಿ ಹೊರಟಿದೆ ಎಂದು ಒಂದೊಂದನ್ನೂ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಒಂದು ತೂತು ಕಂಡ ಕೂಡಲೇ ಪ್ರೋಬ್ ಕೆಳಗಿಟ್ಟರೆ ಎರಡನೆಯದು ಉಳಿದುಹೋಗುತ್ತದೆ.

## ವರದಿ ಕೈಗೆ ಬಂದ ಮೇಲೆ

ವಿಎಸ್‌ಡಿ 4 ಮಿಲಿಮೀಟರ್ ಅಂತ ಬರೆದಿದೆ. ಇದು ದೊಡ್ಡದಾ, ಚಿಕ್ಕದಾ?

ಯಾರ ಹೃದಯದಲ್ಲಿ ಎಂಬುದರ ಮೇಲೆ ಹೋಗುತ್ತದೆ. ಮೂರು ಕಿಲೋ ಕೂಸಿನಲ್ಲಿ 4 ಮಿಲಿಮೀಟರ್ ಸಣ್ಣ ವಿಷಯವಲ್ಲ. ಹತ್ತು ವರ್ಷದ ಹುಡುಗನಲ್ಲಿ ಅದೇ ಅಳತೆ ಲೆಕ್ಕಕ್ಕಿಲ್ಲದಿರಬಹುದು. ಅದಕ್ಕೇ ತೂತನ್ನು ಆ ಮಗುವಿನದೇ ಮಹಾಪಧಮನಿಯ (ಎಡ ಕೋಣೆಯಿಂದ ಮೈಗೆ ರಕ್ತ ಒಯ್ಯುವ ದೊಡ್ಡ ನಾಳ) ಬಾಯಿಗೆ ಹೋಲಿಸಿ ನೋಡುತ್ತಾರೆ. ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಚಿಕ್ಕದು, ಹೆಚ್ಚುಕಡಿಮೆ ಅಷ್ಟೇ ಅಗಲ ಇದ್ದರೆ ದೊಡ್ಡದು.

ಆಮೇಲೆ ನೋಡಬೇಕಾದದ್ದು ಕೋಣೆಗಳು ಹಿಗ್ಗಿವೆಯಾ ಎಂದು. ವಿಎಸ್‌ಡಿಯಲ್ಲಿ ಹಾಯ್ದ ರಕ್ತ ನೇರ ಶ್ವಾಸಕೋಶಕ್ಕೆ ಹೋಗಿ ಎಡಗಡೆಗೆ ಮರಳುತ್ತದೆ, ಆದ್ದರಿಂದ ಹಿಗ್ಗುವುದು ಎಡಗಡೆಯ ಕೋಣೆಗಳು. ಎಎಸ್‌ಡಿಯಲ್ಲಿ ರಕ್ತ ಮೇಲೇ ಬಲಕ್ಕೆ ಸರಿದುಬಿಡುತ್ತದೆ, ಹಿಗ್ಗುವುದು ಬಲಗಡೆಯ ಕೋಣೆಗಳು. ವರದಿಯಲ್ಲಿ ಕೋಣೆಗಳೆಲ್ಲ ಮಾಮೂಲಿ ಗಾತ್ರದಲ್ಲಿವೆ ಅಂತಿದ್ದರೆ ನನಗೆ ಮಿಲಿಮೀಟರ್ ನೋಡುವ ಮೊದಲೇ ಅರ್ಧ ನಿರಾಳ. ಎಳೆ ಕೂಸಿನಲ್ಲಿ ಮಾತ್ರ ಹಾಗಲ್ಲ, ಅಲ್ಲಿ ದೊಡ್ಡ ತೂತಿದ್ದರೂ ಕೋಣೆ ಹಿಗ್ಗಲು ಕೆಲವು ವಾರ ಬೇಕು.

ಹೋದ ಸಲ 5, ಈ ಸಲ 6 ಅಂತ ಬಂದಿದೆ. ತೂತು ಬೆಳೀತಿದೆಯಾ?

ಹೆಚ್ಚಾಗಿ ಇಲ್ಲ. ತೂತು ದುಂಡಗೇ ಇರಬೇಕೆಂದಿಲ್ಲ, ಎಷ್ಟೋ ಸಲ ಉದ್ದುದ್ದ ಇರುತ್ತದೆ. ಒಂದು ಕೋನದಿಂದ 5 ಕಂಡದ್ದು ಇನ್ನೊಂದರಿಂದ 6 ಕಾಣುತ್ತದೆ. ಹೃದಯ ಬಡಿಯುವ ಯಾವ ಗಳಿಗೆಯಲ್ಲಿ ಅಳೆದರು ಎಂಬುದರಿಂದಲೂ ಅಳತೆ ಬದಲಾಗುತ್ತದೆ. ಬಣ್ಣ ಹಾಕಿ ಅಳೆದರೆ ಇದ್ದದ್ದಕ್ಕಿಂತ ದೊಡ್ಡದೇ ಕಾಣುತ್ತದೆ. ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಕೆಲವು ಎಎಸ್‌ಡಿಗಳು ಮಗುವಿನ ಜೊತೆ ನಿಜಕ್ಕೂ ಬೆಳೆಯುತ್ತವೆ. ಅದು ಗೊತ್ತಾಗಬೇಕಾದರೆ ಒಂದೆರಡು ವರ್ಷದ ವರದಿಗಳನ್ನು ಸಾಲಾಗಿ ಇಟ್ಟು ನೋಡಬೇಕು. ಹಳೆಯ ವರದಿಗಳನ್ನು, ಸಿಕ್ಕರೆ ಚಿತ್ರಗಳನ್ನೂ, ಎಸೆಯಬೇಡಿ.

ಪಿಎಫ್‌ಒ ಅಂತ ಬರೆದಿದ್ದಾರೆ. ಅದೂ ತೂತೇನಾ?

ಗರ್ಭದಲ್ಲಿದ್ದ ದಾರಿ ಇನ್ನೂ ಪೂರ್ತಿ ಅಂಟಿಕೊಂಡಿಲ್ಲ ಎಂದರ್ಥ. ಹೊಸದಾಗಿ ಹುಟ್ಟಿದ ಕೂಸಿನಲ್ಲಿ ಇದು ಮಾಮೂಲು. ದೊಡ್ಡವರಲ್ಲೂ ನಾಲ್ಕರಲ್ಲಿ ಒಬ್ಬರಿಗೆ ಹಾಗೇ ಉಳಿದಿರುತ್ತದೆ, ಅವರಿಗೆ ಅದು ಗೊತ್ತೂ ಇರುವುದಿಲ್ಲ. ಮಗುವಿನ ವರದಿಯಲ್ಲಿ ಬೇರೇನೂ ಇಲ್ಲದೆ ಇದೊಂದೇ ಇದ್ದರೆ ಚಿಂತೆ ಬೇಡ.

ತೂತು ಚಿಕ್ಕದು ಅಂತಾರೆ, ಆದರೆ ಸದ್ದು ಜೋರಾಗಿದೆ ಅಂತಾರೆ. ಹೇಗೆ?

ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ನೀರು ಸರ್ರನೆ ಸದ್ದು ಮಾಡುತ್ತಾ ಚಿಮ್ಮುತ್ತದಲ್ಲ, ಹಾಗೆ. ಸಂದು ಕಿರಿದಾದಷ್ಟೂ ಧಾರೆ ಚುರುಕು, ಸದ್ದು ಜೋರು. ದೊಡ್ಡ ತೂತಿನಲ್ಲಿ ಎರಡೂ ಕಡೆಯ ಒತ್ತಡ ಒಂದೇ ಆಗಿ ಸದ್ದು ಮೆತ್ತಗಾಗುತ್ತದೆ. ದೊಡ್ಡ ವಿಎಸ್‌ಡಿ ಇದ್ದ ಮಗುವಿನಲ್ಲಿ ಚಿಕಿತ್ಸೆ ಇಲ್ಲದೆ ಸದ್ದು ಕಡಿಮೆಯಾಯಿತು ಎಂದರೆ ಖುಷಿ ಪಡುವ ಮೊದಲು ಎಕೋ ಮಾಡಿಸಬೇಕು. ತೂತು ಮುಚ್ಚುತ್ತಿರಬಹುದು, ಶ್ವಾಸಕೋಶದ ಒತ್ತಡ ಏರುತ್ತಿರಲೂಬಹುದು.

"ಗ್ರೇಡಿಯೆಂಟ್ 80" ಅಂತ ಇದೆ. ಇಷ್ಟೊಂದು ಜಾಸ್ತಿ ಇದ್ರೆ ಭಯ ಅಲ್ವಾ?

ವಿಎಸ್‌ಡಿಯಲ್ಲಿ ಈ ಅಂಕಿ ಜಾಸ್ತಿ ಇದ್ದಷ್ಟೂ ಸಮಾಧಾನ. ಎಡಗಡೆಯ ಒತ್ತಡ ಬಲಗಡೆಗಿಂತ ಎಷ್ಟು ಹೆಚ್ಚಿದೆ ಎಂದು ಅದು ಹೇಳುತ್ತದೆ.

ಲೆಕ್ಕ ಹೀಗೆ. ಧಾರೆಯ ವೇಗವನ್ನು ಡಾಪ್ಲರ್‌ನಿಂದ ಅಳೆಯುತ್ತಾರೆ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೆ 4ರಿಂದ ಗುಣಿಸುತ್ತಾರೆ. ವೇಗ ಸೆಕೆಂಡಿಗೆ 4.5 ಮೀಟರ್ ಇದ್ದರೆ ಒತ್ತಡದ ವ್ಯತ್ಯಾಸ 81. ಮಗುವಿನ ಮೇಲಿನ ಬಿಪಿ 100 ಆಗಿದ್ದರೆ ಬಲಗಡೆಯ ಒತ್ತಡ ಸುಮಾರು 19. ಚೆನ್ನಾಗಿದೆ. ಇನ್ನೊಂದು ಮಗುವಿನಲ್ಲಿ ವೇಗ 2.5 ಮೀಟರ್ ಮಾತ್ರ, ವ್ಯತ್ಯಾಸ 25, ಬಿಪಿ 85. ಅಂದರೆ ಬಲಗಡೆಯ ಒತ್ತಡ 60. ಈ ಎರಡನೇ ಮಗುವಿನ ಕಡೆಗೇ ಎಲ್ಲರೂ ಮೊದಲು ಓಡಬೇಕು. ಈ ಲೆಕ್ಕಕ್ಕೆ ಎಕೋ ಮಾಡುವ ಹೊತ್ತಿನ ಬಿಪಿಯೇ ಬೇಕು. ಬಿಪಿ ನೋಡದೆ ಗ್ರೇಡಿಯೆಂಟ್ ಬರೆದ ವರದಿ ಅರ್ಧ ವರದಿ ಎಂದೇ ನನ್ನ ಲೆಕ್ಕ.

ಝಡ್ ಸ್ಕೋರ್ ಅಂತ ಏನೋ ಇದೆ, ಪ್ಲಸ್ 3 ಅಂತೆ.

ಅದೇ ಮೈಗಾತ್ರದ ಮಕ್ಕಳ ಸರಾಸರಿಗಿಂತ ಈ ಅಳತೆ ಎಷ್ಟು ದೂರ ಇದೆ ಎಂದು ಹೇಳುವ ಅಂಕಿ ಅದು. ಮೈನಸ್ 2ರಿಂದ ಪ್ಲಸ್ 2ರವರೆಗೆ ಮಾಮೂಲಿ. ಪ್ಲಸ್ 3 ಎಂದರೆ ಆ ಕೋಣೆ ಖಂಡಿತ ಹಿಗ್ಗಿದೆ. ಮಗುವಿನ ಎತ್ತರ ತೂಕ ತಪ್ಪಾಗಿ ಬರೆದಿದ್ದರೆ ಈ ಅಂಕಿಯೂ ತಪ್ಪು, ಅದನ್ನೊಮ್ಮೆ ನೋಡಿಕೊಳ್ಳಿ.

## ಮುಚ್ಚಬೇಕಾ, ಕಾಯಬೇಕಾ?

ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತೆ ಅಂತಾರೆ. ನಂಬಬಹುದಾ?

ಕೆಲವಕ್ಕೆ ನಂಬಬಹುದು, ಕೆಲವಕ್ಕೆ ನಂಬಲೇಬಾರದು. ಯಾವ ಜಾಗದ ತೂತು ಎಂದು ಎಕೋ ಹೇಳಬೇಕು.

ಕೆಳಗಿನ ಗೋಡೆಯ ದಪ್ಪ ಸ್ನಾಯು ಭಾಗದಲ್ಲಿರುವ ಪುಟ್ಟ ವಿಎಸ್‌ಡಿಗಳು ಬಹುಪಾಲು ಮೊದಲ ಒಂದೆರಡು ವರ್ಷದಲ್ಲಿ ಮುಚ್ಚುತ್ತವೆ. ಕವಾಟಗಳ ಹತ್ತಿರದ ತೆಳು ಪೊರೆ ಭಾಗದ ವಿಎಸ್‌ಡಿಯಲ್ಲಿ ಪಕ್ಕದ ಟ್ರೈಕಸ್ಪಿಡ್ ಕವಾಟದ (ಬಲಗಡೆಯ ಎರಡು ಕೋಣೆಗಳ ನಡುವಿನದು) ಅಂಚು ಬಂದು ಅಂಟಿಕೊಂಡು ಚೀಲದಂತೆ ಆಗಿ ತೂತನ್ನು ಕಿರಿದು ಮಾಡುವುದುಂಟು. ಎಕೋದಲ್ಲಿ ಇದು ಕಂಡರೆ ಒಳ್ಳೆಯ ಸೂಚನೆ. ಎಎಸ್‌ಡಿಗಳಲ್ಲಿ ಗೋಡೆಯ ನಡುವೆ ಇರುವುದು ಸೆಕುಂಡಮ್. ಕೂಸಿನಲ್ಲಿ 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಹೆಚ್ಚುಕಡಿಮೆ ಎಲ್ಲವೂ ಮುಚ್ಚುತ್ತವೆ, 8 ದಾಟಿದ್ದರೆ ಮುಚ್ಚುವುದು ಬಹಳ ಕಡಿಮೆ.

ಇನ್ನು ಮುಚ್ಚದವು: ಗೋಡೆಯ ತಳದಲ್ಲಿರುವ ಪ್ರೈಮಮ್ ಎಎಸ್‌ಡಿ, ಮೈಯಿಂದ ರಕ್ತ ತರುವ ಮಹಾಸಿರೆಯ ಬಾಯಲ್ಲಿರುವ ಸೈನಸ್ ವೀನೋಸಸ್ ಎಎಸ್‌ಡಿ, ಎವಿಎಸ್‌ಡಿ. ಇವಕ್ಕೆ ಕಾದು ಪ್ರಯೋಜನ ಇಲ್ಲ, ಆಪರೇಷನ್ ಬೇಕು. ಯಾವ ಜಾತಿ ಎಂದು ಬರೆಯದೆ ಬರೀ "ಎಎಸ್‌ಡಿ" ಎಂದು ವರದಿ ಬಂದಿದ್ದರೆ ಕೇಳಿ ತಿಳಿದುಕೊಳ್ಳಿ.

ಮಗು ಓಡಾಡ್ಕೊಂಡು ಚೆನ್ನಾಗಿದೆ. ಆದರೂ ಎಎಸ್‌ಡಿ ಮುಚ್ಚಬೇಕು ಅಂತಾರೆ, ಯಾಕೆ?

ಎಎಸ್‌ಡಿ ಮೌನವಾಗಿ ಕೆಲಸ ಮಾಡುತ್ತದೆ. ಬಲಗಡೆಯ ಕೋಣೆಗಳು ವರ್ಷಗಟ್ಟಲೆ ಹೆಚ್ಚುವರಿ ರಕ್ತವನ್ನು ತಡೆದುಕೊಳ್ಳುತ್ತವೆ. ದೂರು ಬರುವುದು ಎಷ್ಟೋ ಸಲ ಮೂವತ್ತು ನಲವತ್ತರ ವಯಸ್ಸಿನಲ್ಲಿ. ಏದುಸಿರು, ಹೃದಯದ ಲಯ ತಪ್ಪುವುದು, ಕೆಲವರಲ್ಲಿ ಶ್ವಾಸಕೋಶದ ಒತ್ತಡ ಏರುವುದು. ಎಕೋದಲ್ಲಿ ಬಲಗಡೆ ಹಿಗ್ಗಿರುವುದು ಕಂಡರೆ, ಮಗು ಆಡಿಕೊಂಡಿದ್ದರೂ ಸಾಮಾನ್ಯವಾಗಿ 3ರಿಂದ 5 ವರ್ಷದ ಹೊತ್ತಿಗೆ ಮುಚ್ಚುತ್ತಾರೆ. ದೊಡ್ಡ ವಿಎಸ್‌ಡಿ ಮತ್ತು ಪೂರ್ಣ ಎವಿಎಸ್‌ಡಿಗೆ ಅಷ್ಟು ಪುರುಸೊತ್ತು ಇಲ್ಲ. ಹುಟ್ಟಿದ ಮೊದಲ ಆರು ತಿಂಗಳಲ್ಲೇ ಮುಗಿಸಬೇಕಾಗುತ್ತದೆ. ತಡವಾದರೆ ಶ್ವಾಸಕೋಶದ ನಾಳಗಳು ಗಡಸಾಗಿ, ಮುಚ್ಚುವ ದಾರಿಯೇ ಮುಚ್ಚಿಹೋಗಬಹುದು.

ವಿಎಸ್‌ಡಿ ಪುಟ್ಟದು, ಕೋಣೆ ಹಿಗ್ಗಿಲ್ಲ, ಒತ್ತಡ ಸರಿ ಇದೆ. ಆದರೂ ಆಪರೇಷನ್ ಹೇಳ್ತಿದ್ದಾರಲ್ಲ?

ಬಹುಶಃ ತೂತಿನ ಜಾಗ ಕೆಟ್ಟದ್ದಿದೆ. ಮಹಾಪಧಮನಿಯ ಕವಾಟದ ಅಡಿಯಲ್ಲೇ ತೂತು ಇದ್ದರೆ, ನುಗ್ಗುವ ಧಾರೆ ಆ ಕವಾಟದ ಎಸಳನ್ನು ತೂತಿನೊಳಗೆ ಎಳೆದುಕೊಳ್ಳುತ್ತದೆ. ಎಸಳು ಜೋತುಬಿದ್ದು ಕವಾಟ ಸೋರಲು ಶುರುವಾಗುತ್ತದೆ. ತಮಾಷೆ ಎಂದರೆ, ಜೋತುಬಿದ್ದ ಎಸಳು ತೂತನ್ನು ಅರ್ಧ ಮುಚ್ಚಿ ಎಕೋದಲ್ಲಿ ಅದು ಕಿರಿದಾದಂತೆ ತೋರಿಸುತ್ತದೆ. ಶ್ವಾಸಕೋಶದ ಧಮನಿಯ ಕವಾಟಕ್ಕೆ ಅಂಟಿಕೊಂಡಿರುವ ಔಟ್‌ಲೆಟ್ ವಿಎಸ್‌ಡಿಯಲ್ಲಿ ಇದು ಜಾಸ್ತಿ, ಮತ್ತು ಈ ಜಾತಿಯ ವಿಎಸ್‌ಡಿ ಏಷ್ಯಾದ ಮಕ್ಕಳಲ್ಲೇ ಹೆಚ್ಚು. ಇಲ್ಲಿ ಆಪರೇಷನ್ ಮಾಡುವುದು ಕವಾಟ ಉಳಿಸಲು. ಪುಟ್ಟ ವಿಎಸ್‌ಡಿಯನ್ನೂ ಆಗಾಗ ಎಕೋದಲ್ಲಿ ನೋಡುತ್ತಿರಬೇಕು ಎನ್ನುವುದಕ್ಕೆ ಇದೇ ದೊಡ್ಡ ಕಾರಣ.

ಆಪರೇಷನ್ ಇಲ್ಲದೆ ಡಿವೈಸ್ ಹಾಕಬಹುದಾ ಅಂತ ಎಕೋದಲ್ಲೇ ಗೊತ್ತಾಗುತ್ತಾ?

ಬಹುತೇಕ ಗೊತ್ತಾಗುತ್ತದೆ. ಡಿವೈಸ್ ಎಂದರೆ ರಕ್ತನಾಳದ ಮೂಲಕ ಕೊಳವೆಯಲ್ಲಿ ಒಯ್ದು ತೂತಿಗೆ ಕೂರಿಸುವ ಮುಚ್ಚಳ. ಅದು ಕೂರಲು ತೂತಿನ ಸುತ್ತ ಅಂಚು ಬೇಕು. ಸೆಕುಂಡಮ್ ಎಎಸ್‌ಡಿಯಲ್ಲಿ ಸುತ್ತಲೂ 5 ಮಿಲಿಮೀಟರ್ ಅಂಚು ಇದ್ದರೆ ಅನುಕೂಲ. ಮಹಾಪಧಮನಿಯ ಕಡೆಯ ಅಂಚು ಕಡಿಮೆ ಇದ್ದರೂ ಕೆಲವೊಮ್ಮೆ ನಡೆಯುತ್ತದೆ. ಕೆಳಗಿನ ಮಹಾಸಿರೆಯ ಕಡೆ ಅಂಚೇ ಇಲ್ಲದಿದ್ದರೆ ಡಿವೈಸ್ ಜಾರುವ ಭಯ. ಮಗುವಿನ ಗೋಡೆ ಒಟ್ಟು ಎಷ್ಟು ಉದ್ದ ಇದೆ ಎಂಬುದೂ ಮುಖ್ಯ, ಡಿವೈಸಿನ ಬಿಲ್ಲೆ ಅದರೊಳಗೇ ಹಿಡಿಸಬೇಕಲ್ಲ. ಅನುಮಾನ ಇದ್ದರೆ ಅನ್ನನಾಳದೊಳಗೆ ತೆಳು ಪ್ರೋಬ್ ಇಳಿಸಿ ಹಿಂದಿನಿಂದ ನೋಡುತ್ತಾರೆ, ಅದಕ್ಕೆ ಅರಿವಳಿಕೆ ಬೇಕು.

ಎಕೋ ಮಾಡಿದ ಮೇಲೂ ಕ್ಯಾಥ್ ಮಾಡಬೇಕು ಅಂದ್ರು. ಎಕೋ ಸಾಲಲಿಲ್ವಾ?

ಹೆಚ್ಚಿನ ಮಕ್ಕಳಿಗೆ ಎಕೋ ಒಂದೇ ಸಾಕು. ಸಾಲದ ಸಂದರ್ಭ ಮುಖ್ಯವಾಗಿ ಒಂದು: ಮಗು ತಡವಾಗಿ ಬಂದಿದೆ, ಶ್ವಾಸಕೋಶದ ಒತ್ತಡ ಏರಿದೆ. ಒತ್ತಡ ಏರಿರುವುದು ರಕ್ತ ಜಾಸ್ತಿ ಹೋಗುತ್ತಿರುವುದಕ್ಕಾ, ನಾಳಗಳೇ ಗಡಸಾಗಿರುವುದಕ್ಕಾ? ಮೊದಲನೆಯದಾದರೆ ತೂತು ಮುಚ್ಚಿದರೆ ಗುಣ, ಎರಡನೆಯದಾದರೆ ಮುಚ್ಚಿದರೆ ಅಪಾಯ. ಇದನ್ನು ಎಕೋ ಊಹಿಸಬಲ್ಲದು, ನೇರ ಅಳೆಯಲಾರದು. ಕ್ಯಾಥ್‌ನಲ್ಲಿ ರಕ್ತನಾಳದ ಮೂಲಕ ಹೃದಯಕ್ಕೆ ಕೊಳವೆ ಇಳಿಸಿ ಅಳೆಯುತ್ತಾರೆ, ಆಮ್ಲಜನಕ ಕೊಟ್ಟು ನಾಳಗಳು ಸಡಿಲವಾಗುತ್ತವೆಯೇ ಎಂದೂ ನೋಡುತ್ತಾರೆ.

ತೂತು ಮುಚ್ಚಿ ಆಯ್ತು. ಇನ್ನೂ ಯಾಕೆ ಎಕೋ?

ಅಂಚಿನಲ್ಲಿ ಸೋರಿಕೆ ಉಳಿದಿದೆಯೇ, ಹಿಗ್ಗಿದ ಕೋಣೆ ಮೊದಲಿನಂತಾಗುತ್ತಿದೆಯೇ, ಕವಾಟಗಳು ಸರಿ ಇವೆಯೇ ಎಂದು ನೋಡಲು. ಒಂದೆರಡು ಮಿಲಿಮೀಟರ್ ಸೋರಿಕೆ ಹೆಚ್ಚಾಗಿ ತಾನೇ ನಿಲ್ಲುತ್ತದೆ. ಎಎಸ್‌ಡಿ ಆಪರೇಷನ್ ಆದ ಮಕ್ಕಳಲ್ಲಿ ಕೆಲವರಿಗೆ ಮೊದಲ ಕೆಲವು ವಾರಗಳಲ್ಲಿ ಹೃದಯದ ಸುತ್ತ ನೀರು ತುಂಬುವುದುಂಟು. ಮಗು ಮಂಕಾಗಿ, ವಾಂತಿ ಮಾಡಿಕೊಂಡು, ಜ್ವರ ಬಂದು ಮಲಗಿದರೆ ಹೊಟ್ಟೆ ಕೆಟ್ಟಿದೆ ಎಂದು ಕೂರಬೇಡಿ, ಎಕೋಗೆ ಕರೆತನ್ನಿ.

ಮಗುವಿಗೆ ಡೌನ್ ಸಿಂಡ್ರೋಮ್ ಇದೆ, ಹೃದಯದ ತೊಂದರೆ ಏನೂ ಕಾಣ್ತಿಲ್ಲ. ಎಕೋ ಬೇಕಾ?

ಬೇಕೇ ಬೇಕು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷ ಇರುತ್ತದೆ, ಎವಿಎಸ್‌ಡಿಯಂತೂ ಜಾಸ್ತಿ. ಇವರಲ್ಲಿ ಶ್ವಾಸಕೋಶದ ನಾಳಗಳು ಬೇಗ ಗಡಸಾಗುತ್ತವೆ. ಸದ್ದು ಕೇಳುತ್ತಿಲ್ಲ ಎಂದು ಕಾಯುವಂತಿಲ್ಲ.

## ಎಕೋ ಕಲಿಯುತ್ತಿರುವವರು ಕೇಳುವುದು

ನಾಲ್ಕು ಕೋಣೆ ನೋಟದಲ್ಲಿ ಎಎಸ್‌ಡಿ ಸ್ಪಷ್ಟ ಕಂಡಿತು. ಸೀನಿಯರ್ ಇಲ್ಲವೇ ಇಲ್ಲ ಅಂದರು!

ಎದೆಯ ತುದಿಯಿಂದ ನೋಡಿದಾಗ ಸದ್ದಿನ ಅಲೆ ಮೇಲಿನ ಗೋಡೆಗೆ ಸಮಾನಾಂತರವಾಗಿ ಹೋಗುತ್ತದೆ. ಗೋಡೆಯ ನಡುಭಾಗ ಮೊದಲೇ ತೆಳು. ಅಲ್ಲಿಂದ ಸದ್ದು ಮರಳದೆ ಗೋಡೆಯೇ ಇಲ್ಲದಂತೆ ಕಾಣುತ್ತದೆ. ಹೊಟ್ಟೆಯ ಮೇಲಿಂದ ನೋಡಿ, ಅಲೆ ಗೋಡೆಗೆ ಅಡ್ಡ ಬೀಳುತ್ತದೆ. ನಿಜವಾದ ತೂತಾದರೆ ಅಂಚು ಹೊಳಪಾಗಿ, ದಪ್ಪಗೆ ಕಾಣುತ್ತದೆ, ಬಣ್ಣ ಹಾಕಿದರೆ ಧಾರೆ ಗೋಡೆಯನ್ನು ದಾಟುತ್ತದೆ. ಬಣ್ಣದ ವೇಗದ ಮಿತಿಯನ್ನು ಇಳಿಸಿಕೊಳ್ಳಿ, ಎಎಸ್‌ಡಿಯ ಹರಿವು ನಿಧಾನದ್ದು. ಮೇಲಿನ ಮಹಾಸಿರೆಯಿಂದ ಗೋಡೆಗೆ ಒರಗಿಕೊಂಡು ಬರುವ ಹರಿವನ್ನು ಎಎಸ್‌ಡಿ ಎಂದು ಓದುವುದು ಇನ್ನೊಂದು ಮಾಮೂಲಿ ಬಲೆ.

ಬಲಗಡೆ ಚೆನ್ನಾಗಿ ಹಿಗ್ಗಿದೆ, ಎಲ್ಲಿ ಹುಡುಕಿದರೂ ತೂತು ಸಿಗುತ್ತಿಲ್ಲ. ಏನು ಮಾಡಲಿ?

"ತೂತಿಲ್ಲ" ಎಂದು ಬರೆಯಬೇಡಿ. ಸೈನಸ್ ವೀನೋಸಸ್ ಎಎಸ್‌ಡಿ ಮೇಲಿನ ಮಹಾಸಿರೆಯ ಬಾಯಿ ಹತ್ತಿರ ಅಡಗಿರುತ್ತದೆ, ಮಾಮೂಲಿ ನೋಟಗಳಲ್ಲಿ ತಪ್ಪಿಹೋಗುತ್ತದೆ. ಹೊಟ್ಟೆಯ ಮೇಲಿಂದ ಪ್ರೋಬ್ ತಿರುಗಿಸಿ ಎರಡೂ ಮಹಾಸಿರೆಗಳನ್ನು ಉದ್ದಕ್ಕೆ ನೋಡಿ. ಮಗುವನ್ನು ಬಲಮಗ್ಗುಲಿಗೆ ಹೊರಳಿಸಿ ಎದೆಯ ಬಲಗಡೆಯಿಂದಲೂ ನೋಡಿ. ಇದರ ಜೊತೆ ಬಲ ಶ್ವಾಸಕೋಶದ ಸಿರೆಗಳು ತಪ್ಪು ಜಾಗಕ್ಕೆ ಸೇರಿರುವುದು ತುಂಬಾ ಸಾಮಾನ್ಯ, ನಾಲ್ಕೂ ಸಿರೆಗಳನ್ನು ಎಣಿಸಿ. ಆದರೂ ಸಿಗದಿದ್ದರೆ ಸಿಟಿ ಅಥವಾ ಎಂಆರ್‌ಐ.

ವಿಎಸ್‌ಡಿ ಯಾವ ಜಾಗದ್ದು ಅಂತ ಬೇಗ ಗುರುತಿಸುವುದು ಹೇಗೆ?

ಮಹಾಪಧಮನಿ ದುಂಡಗೆ ಕಾಣುವ ಅಡ್ಡ ನೋಟ ತೆಗೆಯಿರಿ. ಅದನ್ನು ಗಡಿಯಾರ ಅಂದುಕೊಂಡರೆ, 9ರಿಂದ 11 ಗಂಟೆಯ ಜಾಗದಲ್ಲಿ, ಟ್ರೈಕಸ್ಪಿಡ್ ಪಕ್ಕ ಧಾರೆ ಇದ್ದರೆ ಪೊರೆ ಭಾಗದ್ದು. 1ರಿಂದ 2 ಗಂಟೆಯ ಜಾಗದಲ್ಲಿ, ಶ್ವಾಸಕೋಶದ ಧಮನಿಯ ಕವಾಟದ ಅಡಿಯಲ್ಲಿ ಇದ್ದರೆ ಔಟ್‌ಲೆಟ್. ಉದ್ದ ನೋಟದಲ್ಲಿ ಇವೆರಡೂ ಒಂದೇ ತರಹ ಕಾಣಬಹುದು, ಅದರ ಮೇಲೆ ತೀರ್ಮಾನ ಮಾಡಬೇಡಿ.

ವಿಎಸ್‌ಡಿ ಧಾರೆ 4.5 ಮೀಟರ್, ಟ್ರೈಕಸ್ಪಿಡ್ ಸೋರಿಕೆಯೂ 4.4 ಮೀಟರ್. ಶ್ವಾಸಕೋಶದ ಒತ್ತಡ ಜಾಸ್ತಿ ಅಂತ ಬರೆಯಲಾ?

ಬರೆಯುವ ಮೊದಲು ಎರಡನ್ನೂ ಪಕ್ಕಪಕ್ಕ ಇಡಿ. ಬಿಪಿ 100 ಆಗಿದ್ದರೆ ಮೊದಲನೆಯದರ ಪ್ರಕಾರ ಬಲಗಡೆಯ ಒತ್ತಡ 19, ಎರಡನೆಯದರ ಪ್ರಕಾರ, ಬಲ ಮೇಲಿನ ಕೋಣೆಯ ಒತ್ತಡವನ್ನೂ ಸೇರಿಸಿದರೆ, 80 ದಾಟುತ್ತದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಹೆಚ್ಚಾಗಿ ಆಗಿರುವುದು ಇಷ್ಟು: ಪೊರೆ ಭಾಗದ ತೂತಿನಿಂದ ಎಡಗಡೆಯ ರಕ್ತ ಟ್ರೈಕಸ್ಪಿಡ್ ಮೂಲಕ ನೇರ ಬಲ ಮೇಲಿನ ಕೋಣೆಗೆ ಚಿಮ್ಮುತ್ತಿದೆ. ನೀವು ಅಳೆದದ್ದು ಆ ಧಾರೆ, ಕವಾಟದ ಸೋರಿಕೆಯನ್ನಲ್ಲ. ಗೋಡೆಯ ಆಕಾರ ನೋಡಿ. ಹೃದಯ ಕುಗ್ಗಿದ ಗಳಿಗೆಯಲ್ಲಿ ಎಡ ಕೋಣೆ ಅಡ್ಡ ನೋಟದಲ್ಲಿ ದುಂಡಗೇ ಇದ್ದರೆ ಬಲಗಡೆಯ ಒತ್ತಡ ಏರಿಲ್ಲ. ಆಗಲೂ ಗೋಡೆ ಚಪ್ಪಟೆಯಾಗಿದ್ದರೆ ಒತ್ತಡ ಏರಿದೆ. ಹಿಗ್ಗಿದ ಗಳಿಗೆಯಲ್ಲಿ ಮಾತ್ರ ಚಪ್ಪಟೆಯಾದರೆ ಅದು ರಕ್ತ ಜಾಸ್ತಿಯಾದ ಗುರುತು. ಇನ್ನೊಂದು ಮಾತು, ಶ್ವಾಸಕೋಶದ ಧಮನಿಯ ಕವಾಟ ಕಿರಿದಾಗಿದ್ದರೆ ಬಲ ಕೋಣೆಯ ಒತ್ತಡವೇ ಬೇರೆ, ಶ್ವಾಸಕೋಶದ ಒತ್ತಡವೇ ಬೇರೆ.

ಕ್ಯೂಪಿ-ಕ್ಯೂಎಸ್ ಲೆಕ್ಕ ಎಷ್ಟು ನಂಬಬಹುದು?

ಶ್ವಾಸಕೋಶಕ್ಕೆ ಹೋಗುವ ರಕ್ತ ಮೈಗೆ ಹೋಗುವುದಕ್ಕಿಂತ ಎಷ್ಟು ಪಟ್ಟು ಎಂದು ಹೇಳುವ ಈ ಅಂಕಿ 1.5 ದಾಟಿದರೆ ದೊಡ್ಡ ಹರಿವು ಎನ್ನುತ್ತಾರೆ. ತೊಂದರೆ ಅಳತೆಯಲ್ಲಿದೆ. ನಾಳದ ವ್ಯಾಸ 10 ಮಿಲಿಮೀಟರ್ ಇದ್ದದ್ದನ್ನು 11 ಎಂದು ಅಳೆದರೆ ಹರಿವು 21% ಹೆಚ್ಚು ಬರುತ್ತದೆ, ಏಕೆಂದರೆ ವ್ಯಾಸ ಲೆಕ್ಕದಲ್ಲಿ ಎರಡು ಸಲ ಗುಣಿಸಿಕೊಳ್ಳುತ್ತದೆ. ಪುಟ್ಟ ಮಗುವಿನಲ್ಲಿ ಒಂದು ಮಿಲಿಮೀಟರ್ ತಪ್ಪುವುದು ಎಷ್ಟು ಹೊತ್ತು? ನಾನು ಈ ಅಂಕಿಯನ್ನು ಸಾಕ್ಷಿಗಳಲ್ಲಿ ಒಬ್ಬ ಎಂದು ನೋಡುತ್ತೇನೆ. ಅಂಕಿ 2.5 ಎನ್ನುತ್ತಾ ಕೋಣೆಗಳು ಮಾಮೂಲಿ ಇದ್ದರೆ ನಂಬುವುದು ಕೋಣೆಗಳನ್ನು.

ದೊಡ್ಡ ವಿಎಸ್‌ಡಿ ಮುಚ್ಚಿದ ಮೇಲೆ ಹೊಸ ತೂತುಗಳು ಕಂಡವು. ಮೊದಲೇ ಯಾಕೆ ಸಿಗಲಿಲ್ಲ?

ದೊಡ್ಡ ತೂತು ಎರಡೂ ಕಡೆಯ ಒತ್ತಡವನ್ನು ಸಮ ಮಾಡಿಬಿಡುತ್ತದೆ. ಸ್ನಾಯು ಭಾಗದ ಪುಟ್ಟ ತೂತುಗಳಲ್ಲಿ ಆಗ ರಕ್ತ ಹಾಯಲು ಒತ್ತಡವೇ ಇರುವುದಿಲ್ಲ, ಬಣ್ಣವೂ ಬರುವುದಿಲ್ಲ. ದೊಡ್ಡದಕ್ಕೆ ಪ್ಯಾಚ್ ಬಿದ್ದ ಕೂಡಲೇ ಅವು ಎದ್ದು ಕಾಣುತ್ತವೆ. ಅದಕ್ಕೇ ಆಪರೇಷನ್‌ಗೆ ಮುಂಚಿನ ಎಕೋದಲ್ಲಿ ವೇಗದ ಮಿತಿ ಇಳಿಸಿ, ಸ್ನಾಯು ಗೋಡೆಯನ್ನು ಬುಡದಿಂದ ತುದಿಯವರೆಗೆ ಪಟ್ಟಿಪಟ್ಟಿಯಾಗಿ, ಒಂದಕ್ಕಿಂತ ಹೆಚ್ಚು ನೋಟಗಳಲ್ಲಿ ನೋಡಬೇಕು. ಅನುಮಾನ ಇದ್ದರೆ ಅದನ್ನು ವರದಿಯಲ್ಲೇ ಬರೆಯಿರಿ. ಆಪರೇಷನ್ ಕೋಣೆಯಲ್ಲಿ ಪ್ಯಾಚ್ ಹಾಕಿದ ಮೇಲೆ ಅನ್ನನಾಳದ ಎಕೋ ಮಾಡುವವರು ಆ ಜಾಗವನ್ನೇ ಮೊದಲು ನೋಡುತ್ತಾರೆ.